ಸಾವಾದ ಮನೆಯಲ್ಲಿ ಯಾವ ವಾಕ್ಯಭಾಗ ಓದಬೇಕು, ಎಷ್ಟು ಮಾತಾಡಬೇಕು?

ಸಾಸಿವೆಕಾಳು:
ಸಾವಾದ ಮನೆಗಳಿಗೆ ಬೈಬಲ್ ಓದಿ ಪ್ರಾರ್ಥಿಸಲು ಹೋಗುವ ಗುಂಪಿನ ಪರವಾಗಿ ಕೇಳುತ್ತಿದ್ದೇನೆ. ಸಾಮಾನ್ಯವಾಗಿ ಓದುವುದು ರೋಮಾಪುರದವರಿಗೆ 8:28 (ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕಾಗಿಯೇ ಆಗುತ್ತದೆ ಎನ್ನುವ ವಚನ), ಆಮೇಲೆ "ದೇವರು ತಾಳಲಾರದಷ್ಟು ಕೊಡುವುದಿಲ್ಲ" ಎಂಬ ಮಾತು. ಓದಿ ಮುಗಿಸುವಷ್ಟರಲ್ಲಿ ಮನೆಯವರು ಮೌನಕ್ಕಿಳಿದಿರುತ್ತಾರೆ. "ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ, ದೇವರ ಮೇಲೆ ಕೋಪ ಬರುತ್ತೆ" ಅನ್ನುವವರಿಗೆ ಏನು ಹೇಳುವುದು? ಇದು ಅವಿಶ್ವಾಸವೇ? ಯಾವ ಭಾಗ, ಯಾವಾಗ, ಎಷ್ಟು ಹೊತ್ತು ಎಂದು ಬಿಡಿಸಿ ಹೇಳಿದರೆ ಉಪಕಾರ.

ಹಳೇಒಡಂಬಡಿಕೆ:
ಮೊದಲು ಆ "ತಾಳಲಾರದಷ್ಟು ಕೊಡುವುದಿಲ್ಲ" ಎಂಬುದನ್ನು ಬಿಟ್ಟುಬಿಡಿ. ಜನ ಇದಕ್ಕೆ 1 ಕೊರಿಂಥ 10:13ನ್ನು ತೋರಿಸುತ್ತಾರೆ. ಅಲ್ಲಿ ಮಾತು ನಡೆಯುತ್ತಿರುವುದು ವಿಗ್ರಹಾರಾಧನೆಯಂಥ ಪಾಪಕ್ಕೆ ಸೆಳೆಯುವ ಶೋಧನೆಯ ಬಗ್ಗೆ, ಸಾವಿನ ಬಗ್ಗೆ ಅಲ್ಲ. ನೋವಿನ ಅಳತೆ ಬೇಕಿದ್ದರೆ ಆ ಪತ್ರ ಬರೆದ ಪೌಲನೇ 2 ಕೊರಿಂಥ 1:8ರಲ್ಲಿ ಬರೆದದ್ದನ್ನು ನೋಡಿ: ಶಕ್ತಿಗೆ ಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟೆವು ಅನ್ನುತ್ತಾನೆ. 8:28 ಸತ್ಯವೇ. ಆದರೆ ಅದೇ ಅಧ್ಯಾಯದ 26ನೇ ವಚನ, ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎನ್ನುವುದನ್ನು ಹಾರಿಸಿ 28ಕ್ಕೆ ಓಡುವುದೇಕೆ? "ಪ್ರಾರ್ಥನೆ ಆಗ್ತಿಲ್ಲ" ಅನ್ನುವವರಿಗೆ ಬೇಕಾದದ್ದು 26.

ಕೋಪ ಅವಿಶ್ವಾಸವಲ್ಲ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬ, ತನ್ನ ಹೆಸರಿನ ಪುಸ್ತಕದ 3ನೇ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ಆಮೇಲೆ ದೇವರನ್ನೇ ವಾದಕ್ಕೆ ಕರೆಯುತ್ತಾನೆ. ಆದರೂ 42:7ರಲ್ಲಿ ದೇವರು ಗದರಿಸಿದ್ದು, ತನ್ನ ಪರವಾಗಿ ಚೊಕ್ಕವಾಗಿ ವಾದಿಸಿದ, ಯೋಬನಿಗೆ ಸಮಾಧಾನ ಹೇಳಲು ಬಂದಿದ್ದ ಎಲೀಫಜನನ್ನೂ ಅವನ ಇಬ್ಬರು ಸ್ನೇಹಿತರನ್ನೂ. ಯಾಕೋಬನ ಪತ್ರಿಕೆ 5:11 ಯೋಬನ ತಾಳ್ಮೆಯನ್ನು ನೆನಪಿಸುವಾಗ ಬಳಸಿರುವ ಗ್ರೀಕ್ ಪದ ಹುಪೊಮೊನೆ: ಭಾರದ ಕೆಳಗೇ ಉಳಿಯುವುದು. ಬಾಯಿ ಮುಚ್ಚಿಕೊಂಡಿರುವುದು ಅಂತಲ್ಲ. ಯೋಬ ಕೂಗಾಡಿದ, ಆದರೆ ಕೂಗಿದ್ದು ದೇವರ ಕಡೆಗೇ.

ದೀಪದಎಣ್ಣೆ:
ಓದುವ ಕ್ರಮದ ಬಗ್ಗೆ ಹೇಳುತ್ತೇನೆ. ಮೊದಲ ವಾರ ಬೈಬಲಿನ ಕೀರ್ತನೆಗಳ ಪುಸ್ತಕದ 13ನೇ ಕೀರ್ತನೆ ಸಾಕು. ಆರೇ ವಚನ, ನಿಧಾನವಾಗಿ ಓದಿದರೂ ಎರಡು ನಿಮಿಷ ಹಿಡಿಯುವುದಿಲ್ಲ. 1–2 ದೂರು: "ಎಷ್ಟರವರೆಗೆ" ಎಂಬ ಪ್ರಶ್ನೆ ಮೂಲದಲ್ಲಿ ನಾಲ್ಕು ಸಲ ಬರುತ್ತದೆ. 3–4 ಬೇಡಿಕೆ. 5–6 ಭರವಸೆ. ಹೆಚ್ಚಿನವರು ತಪ್ಪುವುದು ಇಲ್ಲೇ: ಮೊದಲೆರಡು ವಚನಗಳನ್ನು ಗಡಿಬಿಡಿಯಲ್ಲಿ ಮುಗಿಸಿ 5ಕ್ಕೆ ಬಂದಾಗ ದನಿ ಏರಿಸುತ್ತಾರೆ. ಇದನ್ನು ತಿರುಗಾಮುರುಗಾ ಮಾಡಿ: ಮೊದಲೆರಡನ್ನೇ ನಿಧಾನವಾಗಿ ಓದಿ. 2ನೇ ವಚನ ಆದಮೇಲೆ ನಿಲ್ಲಿಸಿ, ಮನೆಯವರು ಏನಾದರೂ ಸೇರಿಸುವುದಿದ್ದರೆ ಸೇರಿಸಲಿ, ಇಲ್ಲವಾದರೆ ಮೌನವೇ ಇರಲಿ. ಆಮೇಲೆ ಮುಂದಕ್ಕೆ ಹೋಗಿ.

ಒಬ್ಬರೇ ಇರುವಾಗ ಪ್ರಾರ್ಥಿಸಲಾಗದವರಿಗೆ ದೂರು, ಬೇಡಿಕೆ, ಭರವಸೆ ಎಂಬ ಇದೇ ಕ್ರಮ ಬರವಣಿಗೆಗೂ ಆಗುತ್ತದೆ. ಒಂದು ಹಾಳೆ ತೆಗೆದುಕೊಂಡು ದೇವರನ್ನು ಹೆಸರು ಹಿಡಿದು ಕರೆಯಿರಿ, ಒಂದು ಸಾಲು. ಏನಾಯಿತೋ ಅದನ್ನು ಬಿಡಿಸಿ ಬರೆಯಿರಿ: "ಕಷ್ಟದಲ್ಲಿದ್ದೇನೆ" ಅನ್ನುವುದಲ್ಲ, "ರಾತ್ರಿ ಎರಡಕ್ಕೆ ಎಚ್ಚರವಾಗುತ್ತೆ, ಪಕ್ಕದ ಮಂಚ ಖಾಲಿ" ಎಂಬಷ್ಟು ಸ್ಪಷ್ಟವಾಗಿ. ಆಮೇಲೆ ಈ ದಿನಕ್ಕೆ ಬೇಕಾದ ಒಂದೇ ಒಂದು ಬೇಡಿಕೆ. ಭರವಸೆಯ ಸಾಲು ಬಂದರೆ ಬರೆಯಿರಿ, ಬರದಿದ್ದರೆ ಜಾಗ ಖಾಲಿ ಬಿಡಿ. ಬಲವಂತವಾಗಿ ತುಂಬಿಸಿದ ಸಾಲು ಮಾರನೇ ದಿನ ಅವರಿಗೇ ಸುಳ್ಳೆನಿಸುತ್ತದೆ, ಅಲ್ಲಿಗೆ ಹಾಳೆ ಮೂಲೆ ಸೇರುತ್ತದೆ.

ಪ್ರಲಾಪಗಳು ಎಂಬ ಪುಸ್ತಕವನ್ನು ಓದುವುದಾದರೆ 3:22–23ನ್ನು (ದೇವರ ಕರುಣೆ ಮುಗಿಯದು, ಪ್ರತಿ ಬೆಳಿಗ್ಗೆ ಹೊಸದು ಎನ್ನುವ ಭಾಗ) ಮಾತ್ರ ಕಿತ್ತು ಓದಬೇಡಿ. ಯೆರೂಸಲೇಮ್ ಪಾಳುಬಿದ್ದ ಮೇಲಿನ ಐದು ಶೋಕಗೀತೆಗಳ ನಟ್ಟನಡುವೆ ಆ ಬೆಳಕು ಇದೆ. ಅದರ ನಂತರ ಅಳು ಮತ್ತೆ ಶುರುವಾಗುತ್ತದೆ.

ಒಲಿವ್‌ಕೊಂಬೆ:
ಒಂದು ತಕರಾರು. ಹೀಗೇ ಹೋದರೆ ಶೋಕಕ್ಕೆ ಕೊನೆ ಎಲ್ಲಿ? 1 ಥೆಸಲೋನಿಕ 4:13 ದುಃಖಿಸಬೇಡಿ ಅನ್ನುತ್ತದೆ, 5:18 ಕೃತಜ್ಞತೆ ಸಲ್ಲಿಸಿ ಅನ್ನುತ್ತದೆ.

ಹಳೇಒಡಂಬಡಿಕೆ:
4:13ನ್ನು ಪೂರ್ತಿ ಓದಿ: ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ. ದುಃಖವೇ ಬೇಡ ಅಂದಿದ್ದರೆ "ಅವರ ಹಾಗೆ" ಎಂಬ ಮಾತೇ ಬೇಕಿರಲಿಲ್ಲ. 5:18ರಲ್ಲಿ ಇರುವುದು ಸಪ್ತಮಿ, ಎಲ್ಲದರಲ್ಲಿಯೂ. "ಮಗು ಸತ್ತದ್ದಕ್ಕೆ ಸ್ತೋತ್ರ ಹೇಳು" ಅಂತ ಅಲ್ಲಿಂದ ಎಳೆದು ತರಬೇಡಿ. ಸತ್ತ ಸ್ನೇಹಿತ ಲಾಜರನನ್ನು ಎಬ್ಬಿಸಲಿದ್ದೇನೆಂದು ಗೊತ್ತಿದ್ದೂ ಯೇಸು ಅತ್ತನು, ಯೋಹಾನ 11:35. ಅದೇ ಅಧ್ಯಾಯದಲ್ಲಿ ಇನ್ನೊಂದು ಗಮನಿಸಿ: ಲಾಜರನ ಸಹೋದರಿಯರಾದ ಮಾರ್ಥಳೂ ಮರಿಯಳೂ ಯೇಸುವಿಗೆ "ನೀನು ಇಲ್ಲಿ ಇದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ" ಎಂದು ಒಂದೇ ಮಾತು ಹೇಳುತ್ತಾರೆ (21 ಮತ್ತು 32). ಮಾರ್ಥಳಿಗೆ ಸಿಕ್ಕಿದ್ದು ಪುನರುತ್ಥಾನದ ಮಾತು, ಮರಿಯಳಿಗೆ ಸಿಕ್ಕಿದ್ದು ಕಣ್ಣೀರು. ಎಲ್ಲ ಮನೆಗೂ ಒಂದೇ ಪ್ರಸಂಗ ಒಯ್ಯುವವರು ಇದನ್ನು ಎರಡು ಸಲ ಓದಬೇಕು.

ಕಾಗೆಗುಬ್ಬಚ್ಚಿ:
ದೇಹವನ್ನು ಮರೆಯಬೇಡಿ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ "ಸಾಕು, ನನ್ನ ಪ್ರಾಣ ತೆಗೆದುಕೋ" ಅಂದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ರೆ. ಮತ್ತೆ ರೊಟ್ಟಿ, ನೀರು. ಹೋರೇಬ್ ಬೆಟ್ಟದಲ್ಲಿ "ಇಲ್ಲೇನು ಮಾಡುತ್ತಿದ್ದೀ" ಎಂಬ ದೇವರ ಪ್ರಶ್ನೆ ಬಂದದ್ದು 40 ದಿನದ ನಡಿಗೆಯ ನಂತರ. ಹಾಗಾಗಿ ಭೇಟಿ ಅರ್ಧ ಗಂಟೆ ಮೀರದಿರಲಿ, ಓದಿ ಪ್ರಾರ್ಥಿಸುವುದು ಅದರಲ್ಲಿ ಹತ್ತು ನಿಮಿಷ. "ಏನಾದರೂ ಬೇಕಿದ್ದರೆ ಹೇಳಿ" ಅನ್ನಬೇಡಿ, ಯಾರೂ ಹೇಳುವುದಿಲ್ಲ. "ಗುರುವಾರ ಮಧ್ಯಾಹ್ನದ ಊಟ ತರುತ್ತೇವೆ" ಅನ್ನಿ. ಮೊದಲ ಎರಡು ವಾರ ಮನೆ ತುಂಬ ಜನ, ಆಮೇಲೆ ಯಾರೂ ಇಲ್ಲ. ಮೂರನೇ ತಿಂಗಳು, ತೀರಿಕೊಂಡವರ ಹುಟ್ಟುಹಬ್ಬ, ಮೊದಲ ಕ್ರಿಸ್‌ಮಸ್, ವರ್ಷದ ದಿನ, ಇವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಯಾರು ಹೋಗುವುದೆಂದು ಹೆಸರು ಬರೆಯಿರಿ. ಸಾಯುವ ಮಾತಾಡಿದರೆ, ಅಥವಾ ವಾರಗಟ್ಟಲೆ ಊಟ ನಿದ್ರೆ ಇಲ್ಲದಿದ್ದರೆ, ಅವರನ್ನು ಒಬ್ಬರನ್ನೇ ಬಿಡದೆ ಅವತ್ತೇ ವೈದ್ಯರ ಬಳಿ ಕರೆದೊಯ್ಯಿರಿ. ಅದಕ್ಕೆ ಬದಲಾಗಿ ಉಪವಾಸ ಪ್ರಾರ್ಥನೆ ಇಡಬೇಡಿ.

ಸಾಸಿವೆಕಾಳು:
ಎಲ್ಲರಿಗೂ ವಂದನೆ. ಇನ್ನೊಂದೇ ಪ್ರಶ್ನೆ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಓದಿ ಹಾಗೇ ಆಮೆನ್ ಹೇಳಿ ಎದ್ದು ಬರಬಹುದೇ?

ದೀಪದಎಣ್ಣೆ:
ಬರಬಹುದು. ಅದರಲ್ಲಿ ಭರವಸೆಯ ಮಾತು ಇಲ್ಲ, ಆದರೆ 1, 9, 13ನೇ ವಚನಗಳಲ್ಲಿ ಮೂರು ಸಲ ಕೀರ್ತನೆಗಾರ ಅದೇ ದೇವರನ್ನು ಕೂಗಿ ಕರೆದಿದ್ದಾನೆ. ಕೊನೆಯದಾದ 18ನೇ ವಚನಕ್ಕೆ ನಿಲ್ಲಿಸಿ, ಎರಡು ನಿಮಿಷ ಸುಮ್ಮನೆ ಕುಳಿತಿರಿ. ಖುಷಿಯ ವಾಕ್ಯ ಅಂಟಿಸಲು ಕೈ ತುರಿಸುತ್ತದೆ, ತಡೆದುಕೊಳ್ಳಿ.