ಅಟ್ಟದ ಮೇಲಿನ ಸಾಮಾನುಗಳಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು?

ಚಿಕ್ಕಮಗಳೂರಿನ ಸೊಸೆ ಕೇಳುತ್ತಾರೆ:

ಮೂಡಿಗೆರೆ ತಾಲ್ಲೂಕಿನಲ್ಲಿರುವ ನಮ್ಮ ಅತ್ತೆಯವರ ಹೆಂಚಿನ ಮನೆಯನ್ನು ಖಾಲಿ ಮಾಡಿ, ಅವರನ್ನು ಚಿಕ್ಕಮಗಳೂರಿನಲ್ಲಿ ನಮ್ಮೊಡನೆ ಇರಿಸಿಕೊಳ್ಳಲು ನಿಶ್ಚಯಿಸಿದ್ದೇವೆ. ಮಂಡಿನೋವಿನಿಂದ ಅವರಿಗೆ ಓಡಾಟ ಕಷ್ಟವಾಗಿದೆ. ಮಳೆಗಾಲದಲ್ಲಿ ಅವರೊಬ್ಬರೇ ಅಲ್ಲಿರುವುದು ನಮಗೂ ಸಮಾಧಾನ ತರುವ ಮಾತಲ್ಲ. ಆದರೆ ನಮ್ಮದು ಎರಡು ಕೋಣೆಗಳ ಮನೆ, ಅಡುಗೆಮನೆ ಚಿಕ್ಕದು. ಅಲ್ಲಿಯ ಅಟ್ಟದ ಮೇಲೋ ತಾಮ್ರದ ಹಂಡೆ, ಹಿತ್ತಾಳೆಯ ಕೊಪ್ಪರಿಗೆಗಳು, ಕಂಚಿನ ಬಟ್ಟಲುಗಳು, ಉಪ್ಪಿನಕಾಯಿ ಭರಣಿಗಳು, ಕಲ್ಲಿನ ಮರಿಗೆ, ಸೇರು, ಪಾವು, ಬೆತ್ತದ ಬುಟ್ಟಿಗಳು, ಮಳೆಯಲ್ಲಿ ತಲೆ ಬೆನ್ನಿಗೆ ಹೊದೆಯುವ ಗೊರಬು, ಕಂಬಳಿ, ಮೂರು ತಲೆಮಾರಿನ ಸೀರೆಗಳಿರುವ ಪೆಟ್ಟಿಗೆ, ಕಾಫಿ ತುಂಬುತ್ತಿದ್ದ ಗೋಣಿಚೀಲಗಳು, ಖಾಲಿ ಸೀಸೆಗಳು, ಪ್ಲಾಸ್ಟಿಕ್ ಕವರುಗಳು, ಗಂಟು ಕಟ್ಟಿದ ಕಾಗದಗಳು ತುಂಬಿಕೊಂಡಿವೆ.

ಯಾವುದನ್ನು ಕೈಗೆತ್ತಿಕೊಂಡರೂ ಅತ್ತೆಯವರು "ಇರಲಿ, ಬೇಕಾಗುತ್ತದೆ" ಎನ್ನುತ್ತಾರೆ. ಅದು ಬರಿಯ ಹಟವಲ್ಲ ಎಂಬುದು ನನಗೆ ಗೊತ್ತಿದೆ. ಸ್ವಲ್ಪವೇ ಆದಾಯದಲ್ಲಿ, ಒಂದು ಹಿಡಿ ಕಾಳೂ ಹಾಳಾಗದಂತೆ, ಒಂದು ತುಂಡು ಬಟ್ಟೆಯೂ ವ್ಯರ್ಥವಾಗದಂತೆ ದೊಡ್ಡ ಸಂಸಾರವನ್ನು ನಡೆಸಿದವರು ಅವರು. ಅವರ ಮನಸ್ಸನ್ನು ನೋಯಿಸದೆ ಮನೆಯನ್ನು ಹಗುರ ಮಾಡುವುದು ಹೇಗೆ? ಅವರ ಮಿತವ್ಯಯದ ಕ್ರಮಗಳಲ್ಲಿ ಪಟ್ಟಣದ ಮನೆಯಲ್ಲೂ ನಡೆಯುವಂಥವು ಯಾವುವು? ಜೂನ್ ತಿಂಗಳ ಮಳೆ ಹಿಡಿಯುವುದರೊಳಗೆ ಈ ಕೆಲಸ ಮುಗಿಯಬೇಕಾಗಿದೆ.

ಹಾಸನದ ಹಿರಿಯ ಗೃಹಿಣಿ ಉತ್ತರಿಸುತ್ತಾರೆ:

ತಂಗಿ, ನಿಮ್ಮ ಅತ್ತೆಯವರ ಮಾತಿನಲ್ಲಿ ನಿಜವಿದೆ, ಆದರೆ ಆ ನಿಜ ಅವರ ಹಳೆಯ ಮನೆಯದು. ಹಂಡೆ ಬೇಕಾಗಿದ್ದದ್ದು ಬಚ್ಚಲೊಲೆ ಉರಿಯುತ್ತಿದ್ದುದರಿಂದ. ಕೊಪ್ಪರಿಗೆ ಬೇಕಾಗಿದ್ದದ್ದು ಮದುವೆ ಮುಂಜಿಗಳ ಅಡುಗೆ ಮನೆಯಂಗಳದಲ್ಲೇ ನಡೆಯುತ್ತಿದ್ದುದರಿಂದ. ಆದ್ದರಿಂದ "ಇದು ಬೇಕೇ, ಬೇಡವೇ" ಎಂದು ಅವರನ್ನು ಕೇಳಬೇಡಿ. "ಇದರಲ್ಲಿ ಏನು ಮಾಡುತ್ತಿದ್ದಿರಿ, ನಮ್ಮ ಮನೆಯಲ್ಲಿ ಅದನ್ನು ಎಲ್ಲಿ ಮಾಡೋಣ" ಎಂದು ಕೇಳಿ. ಉತ್ತರ ಸಿಕ್ಕ ವಸ್ತು ನಿಮ್ಮ ಜೊತೆ ಬರಲಿ. ಉತ್ತರ ಸಿಗದಿದ್ದರೆ ಅದು ಅವರಿಗೇ ತಿಳಿಯುತ್ತದೆ, ನೀವು ಹೇಳಬೇಕಾಗಿ ಬರುವುದಿಲ್ಲ.

ಭರಣಿಗಳನ್ನು ಖಂಡಿತ ಬಿಡಬೇಡಿ. ಮಾವಿನಮಿಡಿಯ ಕಾಲ ಇದೇ ಆಗಿದೆ. ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆದು ತಾನೇ ರಸವಾಗುತ್ತದೆ, ಆ ರಸದಲ್ಲಿ ಮುಳುಗಿದ ಮಿಡಿ ಕೆಡುವುದಿಲ್ಲ. ಪಿಂಗಾಣಿಯ ಹೊಳಪಿನ ಮೈಗೆ ಹುಳಿಯಾಗಲಿ ಉಪ್ಪಾಗಲಿ ತಾಗುವುದಿಲ್ಲ. ಕಲ್ಲಿನ ಮರಿಗೆಯ ಗುಣವೂ ಇದೇ. ಒಳಮೈಯ ಹೊಳಪು ಬಿರುಕುಬಿಟ್ಟಿರುವ ಭರಣಿಯನ್ನು ಮಾತ್ರ ಉಪ್ಪಿನಕಾಯಿಗೆ ಬಳಸಬೇಡಿ, ಆ ಬಿರುಕಿನಲ್ಲಿ ಹಳೆಯ ಎಣ್ಣೆ ಕುಳಿತು ಮುಗ್ಗಲು ವಾಸನೆ ಬರುತ್ತದೆ.

ಲೋಹದ ಪಾತ್ರೆಗಳ ವಿಷಯದಲ್ಲಿ ನಿಧಾನಿಸಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು, ಕಂಚು ಎಂದರೆ ತಾಮ್ರ ಮತ್ತು ತವರ. ಎರಡೂ ಕಪ್ಪಾಗಿ ಮಸಿ ಹಿಡಿದಾಗ ಮೇಲ್ನೋಟಕ್ಕೆ ಒಂದೇ ಎನಿಸುತ್ತವೆ. ಬೆರಳಿನಿಂದ ತಟ್ಟಿದರೆ ಕಂಚು ದೀರ್ಘವಾಗಿ ನಾದ ಕೊಡುತ್ತದೆ, ಹಿತ್ತಾಳೆಯ ಸದ್ದು ಬೇಗ ಅಡಗುತ್ತದೆ. ಮಾರುವುದಾದರೆ ತಾಮ್ರ, ಹಿತ್ತಾಳೆ, ಕಂಚು ಈ ಮೂರನ್ನೂ ಮನೆಯಲ್ಲೇ ಬೇರ್ಪಡಿಸಿ, ತೂಗಿ ಬರೆದಿಟ್ಟುಕೊಂಡು, ಆಮೇಲೆ ಪಾತ್ರೆ ಅಂಗಡಿಗೆ ಒಯ್ಯಿರಿ. ಒಟ್ಟಿಗೆ ಗುಜರಿಗೆ ಹಾಕಿದರೆ ಕಂಚಿನ ಬೆಲೆ ಹಿತ್ತಾಳೆಯ ಲೆಕ್ಕದಲ್ಲಿ ಕರಗಿಹೋಗುತ್ತದೆ.

ಅಡುಗೆಗೆ ಬಳಸುವ ಒಂದೆರಡು ಹಿತ್ತಾಳೆ ತಪ್ಪಲೆಗಳನ್ನು ಉಳಿಸಿಕೊಂಡು ಕಲಾಯಿ ಹಾಕಿಸಿ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ, ಸಾರು, ಮಜ್ಜಿಗೆ ಇಟ್ಟರೆ ಲೋಹ ಕರಗಿ ಕಿಲುಬು ಏಳುತ್ತದೆ, ಅದು ಹೊಟ್ಟೆಗೆ ಒಳ್ಳೆಯದಲ್ಲ. ಕಲಾಯಿ ಎಂಬುದು ತವರದ ತೆಳು ಲೇಪ. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಆದ್ದರಿಂದ ಕಲಾಯಿ ಹಾಕಿದ ಪಾತ್ರೆಯನ್ನು ಖಾಲಿಯಾಗಿ ಗ್ಯಾಸ್ ಒಲೆಯ ಮೇಲೆ ಕಾಯಿಸಬಾರದು, ಅದರಲ್ಲಿ ಒಗ್ಗರಣೆ ಹಾಕಬಾರದು, ಸ್ಟೀಲ್ ನಾರಿನಿಂದ ಉಜ್ಜಬಾರದು. ಹೊರಮೈಗೆ ಹುಣಸೆಹಣ್ಣು ಮತ್ತು ಬೂದಿ, ಒಳಮೈಗೆ ಮೆತ್ತನೆಯ ತೆಂಗಿನನಾರು ಸಾಕು.

ಕೊಪ್ಪದ ನಿವೃತ್ತ ಗುಮಾಸ್ತರು ಉತ್ತರಿಸುತ್ತಾರೆ:

ಪಾತ್ರೆಗಳ ವಿಚಾರವನ್ನು ಅಮ್ಮನವರು ಚೆನ್ನಾಗಿ ಹೇಳಿದ್ದಾರೆ. ನನಗೆ ಆತಂಕವಾಗಿರುವುದು ನೀವು ಕೊನೆಯಲ್ಲಿ ಹೇಳಿದ ಕಾಗದದ ಗಂಟುಗಳ ಬಗ್ಗೆ. ಮನೆ ಖಾಲಿ ಮಾಡುವಾಗ ಮೊದಲು ಒಲೆಗೆ ಹೋಗುವುದು ಅವೇ, ಮತ್ತು ಮರಳಿ ಪಡೆಯಲು ಅತಿ ಕಷ್ಟವಾಗುವುದೂ ಅವನ್ನೇ.

ದಯವಿಟ್ಟು ಒಂದು ಹಾಳೆಯನ್ನೂ ಓದದೆ ಸುಡಬೇಡಿ. ಕ್ರಯಪತ್ರ, ವಿಭಾಗ ಪತ್ರ, ದಾನಪತ್ರ, ಹಳೆಯ ಕೈಬರಹದ ಪಹಣಿ, ಕಂದಾಯದ ರಸೀದಿ, ಸರ್ವೆ ನಕ್ಷೆ ಇವೆಲ್ಲವನ್ನೂ ಪ್ರತ್ಯೇಕಿಸಿ. ನಮ್ಮ ಜಿಲ್ಲೆಯಲ್ಲಿ 1974ರ ಭೂಸುಧಾರಣೆಯ ನಂತರ ಗೇಣಿದಾರರಾಗಿದ್ದ ಅನೇಕ ಕುಟುಂಬಗಳು ತಾವು ಉಳುತ್ತಿದ್ದ ಜಮೀನಿನ ಹಕ್ಕಿಗಾಗಿ ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂನ್ಯಾಯಮಂಡಳಿಯ ಆದೇಶದ ಮೇಲೆ ನಮೂನೆ 10ರ ಅಧಿಭೋಗದಾರಿಕೆ ಪತ್ರವನ್ನು ಪಡೆದವು. ಆ ಆದೇಶದ ಪ್ರತಿ ಮಾಸಿದ ಸಾಧಾರಣ ಕಾಗದದಂತೆ ಕಾಣಬಹುದು, ಆದರೆ ಮುಂದೆ ಜಮೀನಿನ ಮೂಲವನ್ನು ತೋರಿಸಬೇಕಾಗಿ ಬಂದಾಗ ಅದೇ ಆಧಾರ. ಪಹಣಿ ಈಗ ಗಣಕೀಕೃತವಾಗಿದೆ ಎಂಬ ಧೈರ್ಯದಿಂದ ಹಳೆಯದನ್ನು ಎಸೆಯಬಾರದು; ಹೆಸರಿನ ಒಂದಕ್ಷರ, ವಿಸ್ತೀರ್ಣದ ಒಂದು ಗುಂಟೆ ತಪ್ಪಾಗಿದ್ದರೂ ತಿದ್ದಿಸಲು ಹಳೆಯ ಕಾಗದವನ್ನೇ ಹಿಡಿದುಕೊಂಡು ಹೋಗಬೇಕಾಗುತ್ತದೆ.

ಇಂಥ ಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಪ್ಲಾಸ್ಟಿಕ್ ಅಂಟಿದ ಮೇಲೆ ಮೊಹರನ್ನೂ ಛಾಪಾ ಕಾಗದವನ್ನೂ ಪರೀಕ್ಷಿಸುವುದು ಕಷ್ಟ, ಬಿಡಿಸಲು ಹೋದರೆ ಹಾಳೆಯೇ ಹರಿಯುತ್ತದೆ. ಅಂಟುಪಟ್ಟಿಯೂ ಬೇಡ, ತುಕ್ಕು ಹಿಡಿಯುವ ಗುಂಡುಸೂಜಿಯೂ ಬೇಡ. ನೆರಳಿನಲ್ಲಿ ಗಾಳಿಗೆ ಹರಡಿ, ಮೆತ್ತನೆಯ ಬ್ರಷ್ಷಿನಿಂದ ಧೂಳು ಕೊಡವಿ, ಫೋಟೋ ತೆಗೆದಿಟ್ಟುಕೊಂಡು, ಒಣ ಬಟ್ಟೆಯಲ್ಲಿ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿಡಿ.

ಇನ್ನೊಂದು ವಿಷಯ. ಮಲೆನಾಡಿನ ಹಳೆಯ ಮನೆಗಳಲ್ಲಿ ಕೆಲವೊಮ್ಮೆ ತಾಳೆಗರಿಯ ಕಟ್ಟುಗಳು, ಕಡತಗಳು ಸಿಗುತ್ತವೆ. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಳಿದು ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಪ್ಪು ಪುಸ್ತಕ. ಕೊಳೆಯೆಂದು ಭಾವಿಸಿ ಒದ್ದೆಬಟ್ಟೆಯಿಂದ ಒರೆಸಿದರೆ ಬರಹ ಪೂರ್ತಿ ಅಳಿಸಿಹೋಗುತ್ತದೆ. ತಾಳೆಗರಿಯನ್ನು ಬಿಸಿಲಿಗೆ ಹಾಕಬೇಡಿ, ದಾರ ಬಿಚ್ಚಿ ಗರಿಗಳ ಕ್ರಮವನ್ನೂ ಕೆಡಿಸಬೇಡಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಚಾರಿತ್ರಿಕ ಅಥವಾ ಸಾಹಿತ್ಯಿಕ ಮಹತ್ವವುಳ್ಳ 75 ವರ್ಷಕ್ಕೆ ಮೇಲ್ಪಟ್ಟ ಹಸ್ತಪ್ರತಿಯೂ, 100 ವರ್ಷಕ್ಕೆ ಮೇಲ್ಪಟ್ಟ ವಿಗ್ರಹ, ನಾಣ್ಯ ಮೊದಲಾದವೂ ಪುರಾವಸ್ತುಗಳೆನಿಸುತ್ತವೆ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ. ಮನೆಬಾಗಿಲಿಗೆ ಬಂದು "ಹಳೆಯ ಸಾಮಾನು ಕೊಡಿ" ಎನ್ನುವವರಿಗೆ ಇಂಥವನ್ನು ತೋರಿಸಲೂ ಹೋಗಬೇಡಿ. ಮೈಸೂರಿನಲ್ಲಿ 1891ರಿಂದ ಇರುವ ಪ್ರಾಚ್ಯವಿದ್ಯಾ ಸಂಶೋಧನಾಲಯದಂತಹ ಸಂಸ್ಥೆಗಳಲ್ಲಿ ತಾಳೆಗರಿಗಳನ್ನು ಸಂರಕ್ಷಿಸುವ ವ್ಯವಸ್ಥೆಯಿದೆ, ಅಲ್ಲಿ ವಿಚಾರಿಸಬಹುದು.

ಹಾಸನದ ಬಾಡಿಗೆ ಮನೆಯಿಂದ ಒಬ್ಬರು ಉತ್ತರಿಸುತ್ತಾರೆ:

ಹಿರಿಯರಿಬ್ಬರ ಮಾತನ್ನೂ ಗೌರವಿಸುತ್ತೇನೆ, ಆದರೆ ಉಳಿಸಿಕೊಳ್ಳುವುದರ ಬಗ್ಗೆಯೇ ಹೆಚ್ಚು ಮಾತಾಯಿತು ಎಂದು ನನಗೆ ತೋರುತ್ತದೆ. ಕೂಡಿಡುವುದೆಲ್ಲ ಮಿತವ್ಯಯವಲ್ಲ. ಹಿಂದೆ ಅಟ್ಟದ ಕೆಳಗೆ ಸೌದೆ ಒಲೆ ಉರಿಯುತ್ತಿತ್ತು. ಅದರ ಹೊಗೆ ಮತ್ತು ಬಿಸಿ ಮೇಲೇರಿ ಬುಟ್ಟಿ, ಮೊರ, ಬಿತ್ತನೆಯ ಬೀಜ ಎಲ್ಲವನ್ನೂ ಒಣಗಿಸಿಡುತ್ತಿತ್ತು, ಹುಳುಗಳನ್ನು ದೂರವಿಡುತ್ತಿತ್ತು. ಗ್ಯಾಸ್ ಬಂದ ಮೇಲೆ ಹೊಗೆ ನಿಂತಿತು, ಆದರೆ ಸಾಮಾನನ್ನು ಅಟ್ಟಕ್ಕೇರಿಸುವ ಅಭ್ಯಾಸ ನಿಲ್ಲಲಿಲ್ಲ. ಹಾಗಾಗಿ ಈಗ ಅಟ್ಟದಲ್ಲಿಟ್ಟದ್ದು ಉಳಿಯುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ, ಬೆತ್ತ ಬಿದಿರುಗಳನ್ನು ಕುಟ್ಟೆಹುಳು ಪುಡಿ ಮಾಡುತ್ತದೆ.

ಬೂಷ್ಟು ಹಿಡಿದ ಹಾಸಿಗೆ, ದಿಂಬು, ಪುಡಿ ಉದುರುವ ಬುಟ್ಟಿಗಳನ್ನು ಪಟ್ಟಣದ ಮನೆಗೆ ತರಲೇಬೇಡಿ. ಬೂಷ್ಟಿನ ಕಣಗಳು ಉಬ್ಬಸವಿರುವವರಿಗೆ ತೊಂದರೆ ಕೊಡುತ್ತವೆ, ಹುಳು ನಿಮ್ಮ ಮನೆಯ ಬಾಗಿಲು ಕಿಟಕಿಗೂ ಹರಡಬಹುದು. ಪ್ಲಾಸ್ಟಿಕ್ ಕವರುಗಳು ಹಳತಾದಂತೆ ಮುಟ್ಟಿದರೆ ಪುಡಿಯಾಗುತ್ತವೆ, ಅವುಗಳಲ್ಲಿ ಉಳಿತಾಯವೇನೂ ಇಲ್ಲ. ಅವಧಿ ಮೀರಿದ ಔಷಧಿ, ತಳ ಗುಳಿಬಿದ್ದ ಅಲ್ಯುಮಿನಿಯಂ ಪಾತ್ರೆ, ಬಾಯಿ ಒಡೆದ ಸೀಸೆ ಇವುಗಳಿಗೆ ವಿಚಾರವೇ ಬೇಡ.

ನೆನಪಿನ ವಸ್ತುಗಳಿಗೆ ಸ್ಥಳದ ಮಿತಿ ಹಾಕಿ, ಸಂಖ್ಯೆಯ ಮಿತಿ ಹಾಕಬೇಡಿ. ಅತ್ತೆಯವರಿಗೆ ಅವರದೇ ಒಂದು ಟ್ರಂಕನ್ನು ಕೊಟ್ಟು, ಅದರಲ್ಲಿ ಏನಿರಬೇಕೆಂಬುದನ್ನು ಅವರೇ ನಿರ್ಧರಿಸಲಿ, ನೀವು ಪ್ರಶ್ನಿಸಬೇಡಿ. ಅವರಿಗೆ ತಿಳಿಯದಂತೆ ಯಾವುದನ್ನೂ ಹೊರಹಾಕಬೇಡಿ. ಒಮ್ಮೆ ಅಂಥದ್ದು ಗೊತ್ತಾದರೆ ಆಮೇಲೆ ಹರಿದ ಚಾಪೆಯನ್ನೂ ಅವರು ಕೈಬಿಡುವುದಿಲ್ಲ, ಮತ್ತು ಅದರಲ್ಲಿ ಅವರ ತಪ್ಪಿರುವುದಿಲ್ಲ.

ಚಿಕ್ಕಮಗಳೂರಿನ ಸೊಸೆ:

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಅಮ್ಮನವರು ಹೇಳಿದಂತೆ ಕೇಳಿದಾಗ ಅತ್ತೆಯವರು ಜಗಲಿಯಲ್ಲಿ ಕುಳಿತು, ಒಂದೊಂದು ವಸ್ತುವಿನ ಬಳಕೆಯನ್ನೂ ವಿವರಿಸುತ್ತಾ, ತಾವಾಗಿಯೇ ಹಂಡೆಯನ್ನು ಊರಿನಲ್ಲಿರುವ ತಮ್ಮ ತಂಗಿಯ ಮನೆಗೆ ಕೊಡುವುದೆಂದು ನಿಶ್ಚಯಿಸಿದರು. ಅಲ್ಲಿ ಇನ್ನೂ ಸೌದೆ ಒಲೆಯಿದೆ; ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಗೆ ಪೂಜೆ ತಪ್ಪುವುದಿಲ್ಲವೆಂಬುದು ಅವರಿಗೆ ದೊಡ್ಡ ಸಮಾಧಾನ. ಗೊರಬು ಮತ್ತು ಕಂಬಳಿಯನ್ನು ಗದ್ದೆ ಕೆಲಸಕ್ಕೆ ಬರುವವರಿಗೆ ಕೊಟ್ಟರು. ಕಾಗದಗಳನ್ನು ನನ್ನ ಯಜಮಾನರು ಓದಿ ವಿಂಗಡಿಸುತ್ತಿದ್ದಾರೆ. ಇನ್ನುಳಿದಿರುವುದು ಸೀರೆಗಳು, ಮತ್ತು ಕಾಳು ಕಡ್ಡಿ ಇಡುವ ಕ್ರಮ. ಅದನ್ನೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಹಾಸನದ ಹಿರಿಯ ಗೃಹಿಣಿ:

ಟ್ರಂಕಿನ ಸಲಹೆ ಬಹಳ ಸರಿಯಾಗಿದೆ, ಹೊಗೆಯ ವಿಚಾರವೂ ನಿಜವೇ.

ರೇಷ್ಮೆ ಸೀರೆಗಳನ್ನು ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸದಿದ್ದರೆ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗಬಾರದು. ಹಳೆಯ ಜರಿಯಲ್ಲಿ ಬೆಳ್ಳಿಯ ಎಳೆಯಿರುವುದುಂಟು, ಆದ್ದರಿಂದ ಸೀರೆ ಹರಿದಿದ್ದರೂ ಅಂಚನ್ನು ಪರೀಕ್ಷಿಸದೆ ಕೊಡಬೇಡಿ. ಮೆತ್ತಗಾದ ಹತ್ತಿ ಸೀರೆಗಳನ್ನು ನಾಲ್ಕೈದು ಪದರವಾಗಿ ಹಾಸಿ ಕೌದಿ ಹೊಲಿಯಿರಿ. ಚಿಕ್ಕಮಗಳೂರಿನ ಚಳಿಗೆ ಅದು ಅಂಗಡಿಯ ಹೊದಿಕೆಗಿಂತ ಹಿತ, ಒಗೆದರೆ ಬೇಗ ಒಣಗುತ್ತದೆ. ಕೂತಲ್ಲೇ ಮಾಡುವ ಕೆಲಸವಾದ್ದರಿಂದ ಮಂಡಿನೋವಿರುವ ಅತ್ತೆಯವರಿಗೂ ಹೊಂದುತ್ತದೆ. ಕೌದಿಗೆ ಬಾರದ ತುಂಡುಗಳು ಮಸಿಬಟ್ಟೆಗೆ, ಅದೂ ಸವೆದ ಮೇಲೆ ನೆಲ ಒರೆಸಲು.

ಕಾಳಿನ ವಿಷಯದಲ್ಲಿ ನಮ್ಮ ಕಡೆಯ ಪದ್ಧತಿ ಹೇಳುತ್ತೇನೆ. ತೊಗರಿ, ಅವರೆ, ಹೆಸರು ಇವುಗಳ ಮೇಲ್ಮೈಯಲ್ಲಿ ಹುಳು ಮೊಟ್ಟೆಯಿಡುತ್ತದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಪೂರ್ತಿ ಆರಿದ ಮೇಲೆ ಕಿಲೋಗೆ ಒಂದು ಚಮಚದಷ್ಟು ಹರಳೆಣ್ಣೆಯನ್ನು ಕೈಯಿಂದ ಸವರಿಟ್ಟರೆ ಮೊಟ್ಟೆ ಬೆಳೆಯುವುದಿಲ್ಲ. ಹಿಂದೆ ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದದ್ದೂ ಹುಳುವಿನಿಂದ ಕಾಪಾಡಲೆಂದೇ. ಬಿಸಿ ಆರುವ ಮೊದಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ರಾಗಿಗೆ ಈ ಯಾವ ಉಪಚಾರವೂ ಬೇಕಿಲ್ಲ. ಕಾಳು ಸಣ್ಣದಾದ್ದರಿಂದ ಹುಳು ಅಷ್ಟಾಗಿ ತಾಗುವುದಿಲ್ಲ, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಆದರೆ ಹಿಟ್ಟು ಬೇಗ ಕಹಿಯಾಗುತ್ತದೆ. ರಾಗಿಯನ್ನು ಕಾಳಾಗಿಯೇ ಹೆಚ್ಚು ತಂದಿಟ್ಟುಕೊಂಡು, ಎರಡು ಮೂರು ವಾರಕ್ಕೆ ಸಾಕಾಗುವಷ್ಟನ್ನು ಮಾತ್ರ ಮಿಲ್ಲಿನಲ್ಲಿ ಬೀಸಿಸಿ.

ಸೇರು, ಪಾವುಗಳನ್ನು ಟ್ರಂಕಿಗೆ ಹಾಕಬೇಡಿ, ಅಕ್ಕಿ ಡಬ್ಬಿಯಲ್ಲೇ ಇರಲಿ. ದಿನವೂ ಒಂದೇ ಅಳತೆಯಲ್ಲಿ ತೆಗೆದರೆ ಅನ್ನ ಮಿಕ್ಕುವುದಿಲ್ಲ, ತಿಂಗಳಿಗೆ ಎಷ್ಟು ಬೇಕೆಂಬ ಲೆಕ್ಕವೂ ತಾನಾಗಿ ಸಿಗುತ್ತದೆ. ಗೋಣಿಚೀಲಗಳಲ್ಲಿ ಒಳ್ಳೆಯವು ನಾಲ್ಕನ್ನು ಇಟ್ಟುಕೊಂಡು ಉಳಿದವನ್ನು ಕಾಫಿ ಕೊಯ್ಲು ಮಾಡುವವರಿಗೆ ಕೊಡಿ. ಸೀರೆಗಳನ್ನೂ ಕಾಳುಗಳನ್ನೂ ಈ ವಾರದ ಬಿಸಿಲಿಗೇ ಹಾಕಿಬಿಡಿ, ರೇಷ್ಮೆಗೆ ಮಾತ್ರ ನೆರಳು.