ನೀರಿಗೆ ತಾಗದಂಗೆ ಹಾರೋ ಎಲೆಕ್ಟ್ರಿಕ್ ಕಾರ್ಗೋ ಡ್ರೋನ್, ಮಂಗಳೂರು–ಲಕ್ಷದ್ವೀಪಕ್ಕೆ ಆಗುತ್ತಾ?

ಬಂದರ್_ಹುಡ್ಗ:
2025ರ ಏರೋ ಇಂಡಿಯಾದಲ್ಲಿ ಐಐಟಿ ಮದ್ರಾಸಿನ ಸ್ಟಾರ್ಟಪ್ ವಾಟರ್‌ಫ್ಲೈ ಅವ್ರ ಸೀಗ್ಲೈಡರ್ (ನೀರಿಗೆ ತೀರಾ ಹತ್ರ ಹಾರೋ ಎಲೆಕ್ಟ್ರಿಕ್ ವಾಹನ) ಬಗ್ಗೆ ಭಾರೀ ಸುದ್ದಿ ಆಯ್ತಲ್ಲ, ಕೋಲ್ಕತಾದಿಂದ ಚೆನ್ನೈಗೆ 600 ರೂಪಾಯಿ ಅಂತ. ನಂಗೆ ಜನ ಹೋಗೋದು ಬೇಡ, ಪೈಲಟ್ಟೂ ಬೇಡ, ಬರೀ ಸಾಮಾನು ಸಾಗಿಸೋಕೆ ಆಗುತ್ತಾ ಅಂತ ಪ್ರಶ್ನೆ. ಇಲ್ಲಿ ಹಳೇ ಬಂದರಿಂದ ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ಎಲ್ಲಾ ಡೀಸೆಲ್ ಮಂಜಿಲೇ (ಸರಕು ದೋಣಿ) ಹೋಗೋದು. ಅಲ್ಲಿನ ರಾಜಧಾನಿ ಕವರತ್ತಿಗೆ ನೇರ ಗೆರೆ ಎಳೆದ್ರೆ ಸುಮಾರು 350 ಕಿ.ಮೀ. ಮಂಜಿ ಬಿಟ್ಟು ಇದನ್ನ ಹಾಕಿದ್ರೆ ಹೊಗೆ ಕಮ್ಮಿ ಆಗಲ್ವಾ?

ರೆಕ್ಕೆಪುರಾಣ:
ಗುರು, ಇದು ಯಾವುದಕ್ಕಿಂತ ಗ್ರೀನ್ ಅಂತ ಮೊದ್ಲು ಕೇಳ್ಬೇಕು. ರೆಕ್ಕೆ ತುದಿಲಿ ಗಾಳಿ ಸುಳಿ ಸುತ್ತುತ್ತಲ್ಲ, ವಿಮಾನದ ಶಕ್ತಿ ತುಂಬಾ ಅಲ್ಲೇ ಪೋಲಾಗೋದು, ನೀರಿಗೆ ಹತ್ರ ಹಾರಿದ್ರೆ ಆ ಸುಳಿ ಪೂರ್ತಿ ಬೆಳೆಯೋಕೆ ಜಾಗ ಸಿಗಲ್ಲ, ಅದಕ್ಕೆ ಡ್ರ್ಯಾಗ್, ಅಂದ್ರೆ ಗಾಳಿ ಹಿಂದಕ್ಕೆ ಎಳೆಯೋದು, ಇಳಿಯುತ್ತೆ. ಆದ್ರೆ ಇದು ವಿಮಾನಕ್ಕೆ ಹೋಲಿಸಿದ್ರೆ ಸಿಗೋ ಲಾಭ, ಹಡಗಿಗೆ ಹೋಲಿಸಿದ್ರೆ ಅಲ್ಲ. ದೊಡ್ಡ ಕಂಟೇನರ್ ಹಡಗು ಒಂದು ಟನ್ ಸರಕನ್ನ ಒಂದು ಕಿ.ಮೀ. ಒಯ್ಯೋಕೆ 10-20 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ವಿಮಾನ 500 ಗ್ರಾಮಿಗೂ ಮೇಲೆ. ಜಲ್ಲಿನ ಹಾರಿಸ್ಕೊಂಡು ಹೋಗೋದು ಕೊರಿಯರಲ್ಲಿ ಮರಳು ತರ್ಸಿದಂಗೆ.

ಇನ್ನೊಂದು, ನೀರಿಂದ ಮೇಲೇಳೋದೇ ದೊಡ್ಡ ಕಷ್ಟ. 1966ರಲ್ಲಿ ಸೋವಿಯತ್ತಿನ ಎಂಜಿನಿಯರ್ ಅಲೆಕ್ಸೆಯೆವ್ ಹಾರಿಸಿದ, ಹೀಗೇ ನೀರಿಗೆ ಹತ್ರ ಹಾರೋ ದೈತ್ಯ ಕೆಎಂ, ಅದೇ ‘ಕ್ಯಾಸ್ಪಿಯನ್ ಮಾನ್‌ಸ್ಟರ್’, ಅದಕ್ಕೆ 10 ಜೆಟ್ ಎಂಜಿನ್, ಅದ್ರಲ್ಲಿ ಮುಂದಿನ 8 ಮುಖ್ಯವಾಗಿ ಮೇಲೇಳೋಕೆ ಅಂತಾನೇ, ಆಮೇಲೆ ಅವು ಸುಮ್ನೆ ಭಾರ. ಇಲ್ಲಿ ಎಲೆಕ್ಟ್ರಿಕ್ ಮೋಟರ್ ವಾಸಿ, ಹಗುರ, ಸ್ವಲ್ಪ ಹೊತ್ತು ಜೋರಾಗಿ ತಿರುಗ್ಸಬಹುದು. ಅಮೆರಿಕದ ರೀಜೆಂಟ್ ಕಂಪನಿಯವ್ರು ಹೈಡ್ರೋಫಾಯಿಲ್ (ನೀರೊಳಗಿನ ರೆಕ್ಕೆ) ಮೇಲೆ ಎದ್ದು ನಿಂತು ಆಮೇಲೆ ಹಾರೋ ಉಪಾಯ ಮಾಡಿದಾರೆ. ಅವ್ರು ಹೇಳ್ಕೊಳೋ ರೇಂಜೇ ಸುಮಾರು 290 ಕಿ.ಮೀ., ಹೊರೆ ಒಂದೂವರೆ ಟನ್ ಚಿಲ್ಲರೆ. ನಿಮ್ಮ ಕವರತ್ತಿ ಸಿಗಲ್ಲ.

ಕಡಲ್‌ಮಾಮ:
ಮಾರಾಯ್ರೆ, ಬ್ಯಾಟರಿ ಇರ್ಲಿ, ಎದುರಿಗೆ ದೋಣಿ ಬಂದ್ರೆ? ಆ ರೀಜೆಂಟಿನದ್ದರ ವೇಗ ಗಂಟೆಗೆ 290 ಕಿ.ಮೀ., ಅಂದ್ರೆ ಸೆಕೆಂಡಿಗೆ 80 ಮೀಟರ್. ನಮ್ಮ ಕಡಲಲ್ಲಿ ಫೈಬರ್ ದೋಣಿ, ಬಲೆ ಬೋಟು ಎಷ್ಟುಂಟು, ಸಣ್ಣ ಫೈಬರ್ ದೋಣಿ ರಾಡಾರಲ್ಲಿ ಸರಿ ಕಾಣುದೂ ಇಲ್ಲ. ಇಂಥ ಕ್ರಾಫ್ಟು ಬೇರೆ ಹಡಗುಗಳಿಂದ ತಾನೇ ದೂರ ಸರೀಬೇಕು, ಮೇಲೆ ಕೆಂಪು ಮಿನುಗು ದೀಪ ಹಾಕ್ಬೇಕು ಅಂತ ಕೋಲ್‌ರೆಗ್ಸ್ ಅನ್ನುವ, ಕಡಲಲ್ಲಿ ಡಿಕ್ಕಿ ತಪ್ಪಿಸುವ ಅಂತಾರಾಷ್ಟ್ರೀಯ ನಿಯಮದಲ್ಲೇ ಉಂಟು. ಸರಿಯುದು ಹೇಗೆ? ಅಷ್ಟು ಕೆಳಗೆ ಹಾರುವಾಗ ಜೋರು ವಾಲಿಸಿದ್ರೆ ರೆಕ್ಕೆ ತುದಿ ನೀರಿಗೆ ಬಡೀತದೆ. ಮನುಷ್ಯ ಇಲ್ಲದಿದ್ರೆ ಸೀಟು, ಕಾಕ್‌ಪಿಟ್ ಭಾರ ಉಳೀತದೆ, ಒಪ್ತೇನೆ, ಆದ್ರೆ ಕಣ್ಣು ಯಾರದ್ದು? ಮಳೆಗಾಲದ್ದಂತೂ ಕೇಳುದೇ ಬೇಡ, ಮಂಜಿಯೇ ನಿಲ್ತದೆ.

ಬಂದರ್_ಹುಡ್ಗ:
ಸರಿ ಮಾಮ, ಜಲ್ಲಿ ಬಿಟ್ಟೆ. ಔಷಧಿ, ರಕ್ತದ ಸ್ಯಾಂಪಲ್, ಪಾರ್ಸೆಲ್ ಅಂದ್ರೆ?

ರೆಕ್ಕೆಪುರಾಣ:
ಈಗ ಲೈನಿಗೆ ಬಂದ್ರಿ. ಅದನ್ನೂ ಮಂಗಳೂರಿಂದ ಬೇಡ. ಲಕ್ಷದ್ವೀಪದಲ್ಲಿ ವಿಮಾನ ಇಳಿಯೋದು ಅಗತ್ತಿ ದ್ವೀಪದಲ್ಲಿ, ಅಲ್ಲಿಂದ ಕವರತ್ತಿ 60 ಕಿ.ಮೀ. ಒಳಗೇ, ಹೋಗಿ ಬಂದ್ರೂ ಬ್ಯಾಟರಿ ಮಿಗುತ್ತೆ. ಎರಡೂ ಕಡೆ ಲಗೂನ್ (ಹವಳದ ದಿಬ್ಬದ ಒಳಗಿನ ನೀರು) ಇದೆ, ಏಳೋಕೆ ಇಳಿಯೋಕೆ ಶಾಂತ ನೀರು.

ಕಡಲ್‌ಮಾಮ:
ಅದು ಆಗಬಹುದು. ಆದ್ರೆ ದ್ವೀಪದಲ್ಲಿ ಕರೆಂಟು ಹೆಚ್ಚಾಗಿ ಡೀಸೆಲ್ ಜನರೇಟರದ್ದು, ಆ ಡೀಸೆಲೂ ಹಡಗಲ್ಲೇ ಹೋಗುದು. ಅದ್ರಲ್ಲಿ ಚಾರ್ಜ್ ಮಾಡಿ ಗ್ರೀನ್ ಅಂದ್ರೆ ನಗು ಬರ್ತದೆ. ಕವರತ್ತಿಲಿ 2024ರ ಜನವರಿಲಿ ಬ್ಯಾಟರಿ ಇರುವ ಸೋಲಾರ್ ಪ್ಲಾಂಟ್ ಉದ್ಘಾಟನೆ ಆಗಿದೆ, ಚಾರ್ಜಿಂಗ್ ಅಲ್ಲೇ ಇಡ್ಲಿ, ಅಗತ್ತಿಲಿ ಬರೀ ಲೋಡ್ ಮಾಡಿ ವಾಪಸ್ ಕಳಿಸುದು.