ಅಪ್‌ಡೇಟ್: ಎಪಿಎ 6ರಿಂದ 7ಕ್ಕೆ ಪೇಪರ್ ಬದಲಾಯ್ಸಿದ್ದು

ಅರ್ಧ ಬರ್ದಿರೋ ಪೇಪರ್‌ನ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್‌ನೋರು ಪೇಪರ್ ಬರೆಯೋಕೆ, ಮೂಲಗಳನ್ನ ಉಲ್ಲೇಖಿಸೋಕೆ ಮಾಡಿರೋ ನಿಯಮಗಳು) 6ನೇ ಎಡಿಶನ್‌ನಿಂದ 7ಕ್ಕೆ ತರೋಕೆ ಎಲ್ಲಾ ಮತ್ತೆ ಟೈಪ್ ಮಾಡ್ಬೇಕಾ ಅಂತ ಕೇಳಿದ್ದೆ ಅಲ್ವಾ, ಬೇಕಾಗಿಲ್ಲ, ಮುಗೀತು. ಝೊಟೆರೊದಲ್ಲಿ (ಮೂಲಗಳನ್ನ ಜೋಡಿಸಿಟ್ಟು ಪೇಪರ್‌ಗೆ ಹಾಕೋ ಸಾಫ್ಟ್‌ವೇರ್) ಡಾಕ್ಯುಮೆಂಟ್ ಪ್ರಿಫರೆನ್ಸಸ್‌ಗೆ ಹೋಗಿ ಸ್ಟೈಲ್ ಬದಲಾಯ್ಸಿದ್ರೆ ಅದ್ರಿಂದ ಹಾಕಿದ ಸೈಟೇಶನ್ (ಮೂಲದ ಉಲ್ಲೇಖ) ಎಲ್ಲಾ ತಾನಾಗೇ ಬದಲಾಗತ್ತೆ, ಕೈಯಲ್ಲಿ ಟೈಪ್ ಮಾಡಿದ್ದು ಮಾತ್ರ ಹಂಗೇ ಉಳ್ಕೊಳತ್ತೆ, ಅದನ್ನ ಒಂದೊಂದೇ ಹುಡುಕ್ಬೇಕು.

2019ರಲ್ಲಿ ಬಂದ ಈ 7ನೇ ಎಡಿಶನ್ ನಿಜ ಹೇಳ್ಬೇಕಂದ್ರೆ ಹಳೇದಕ್ಕಿಂತ ಸಲೀಸು. ಪಬ್ಲಿಷರ್ ಯಾವ ಊರು ಅಂತ ಬರೆಯೋದು ಹೋಯ್ತು (ಅದನ್ನ ಯಾರು ನೋಡ್ತಿದ್ರೋ ದೇವ್ರಿಗೇ ಗೊತ್ತು), ಡಿಓಐ (ಆನ್‌ಲೈನ್‌ನಲ್ಲಿ ಲೇಖನ ಗುರುತಿಸೋ ಕಾಯಂ ನಂಬರ್) ಈಗ ಪೂರ್ತಿ ಲಿಂಕ್ ಥರ ಬರತ್ತೆ, ಮುಂದೆ ಡಿಓಐ ಕೋಲನ್ ಅಂತ ಹಾಕೋ ಹಂಗಿಲ್ಲ. ಮೂರು ಅಥವಾ ಜಾಸ್ತಿ ಲೇಖಕರಿದ್ರೆ ಮೊದಲ್ನೇ ಸಲಾನೇ ಒಬ್ರ ಹೆಸ್ರು ಬರ್ದು ಎಟ್ ಆಲ್ (ಮತ್ತು ಇತರರು) ಅಂದ್ರೆ ಸಾಕು. ಆದ್ರೆ ಒಂದೇ ವರ್ಷದ ಎರಡು ಪೇಪರ್‌ಗಳು ಹಂಗೆ ಚಿಕ್ಕದು ಮಾಡ್ದಾಗ ಒಂದೇ ಥರ ಕಾಣ್ಸಿದ್ರೆ, ವ್ಯತ್ಯಾಸ ಗೊತ್ತಾಗೋವರ್ಗೂ ಹೆಸ್ರು ಬರೀಬೇಕು. ಪೇಪರ್ ಕೊನೇಲಿರೋ ರೆಫರೆನ್ಸ್ ಪಟ್ಟೀಲಿ ಮಾತ್ರ ಉಲ್ಟಾ, 20 ಜನರವರೆಗೂ ಎಲ್ಲರ ಹೆಸ್ರೂ ಬೇಕು!

ಸ್ಟೂಡೆಂಟ್ ಪೇಪರ್‌ಗೆ ರನ್ನಿಂಗ್ ಹೆಡ್ (ಪ್ರತಿ ಪೇಜ್ ಮೇಲೆ ಬರೋ ಚಿಕ್ಕ ಟೈಟಲ್) ಬೇಡ, ಪೇಜ್ ನಂಬರ್ ಸಾಕು, ಮೇಷ್ಟ್ರು ಕೇಳಿದ್ರೆ ಬೇರೆ ಮಾತು. ಫಾಂಟ್ ಟೈಮ್ಸ್ ನ್ಯೂ ರೋಮನ್ 12 ಮಾತ್ರ ಅಲ್ಲ, ಕ್ಯಾಲಿಬ್ರಿ 11, ಏರಿಯಲ್ 11 ಕೂಡ ಓಕೆ.

ತಲೆ ತಿಂದಿದ್ದು ಟೈಟಲ್‌ಗಳು. ಇಂಗ್ಲಿಷ್ ಲೇಖನದ ಟೈಟಲ್‌ನಲ್ಲಿ ಪ್ರತಿ ಪದಕ್ಕೂ ಕ್ಯಾಪಿಟಲ್ ಇದ್ರೆ ಝೊಟೆರೊ ತಾನಾಗಿ ಅದನ್ನ ಎಪಿಎಗೆ ಬೇಕಾದ ಸೆಂಟೆನ್ಸ್ ಕೇಸ್ (ಮಾಮೂಲಿ ವಾಕ್ಯದ ಥರ ಕ್ಯಾಪಿಟಲ್) ಮಾಡಲ್ಲ, ಟೈಟಲ್ ಮೇಲೆ ರೈಟ್ ಕ್ಲಿಕ್ ಮಾಡಿ ನಾವೇ ಬದಲಾಯ್ಸಿ, ಆಮೇಲೆ ಹೆಸ್ರುಗಳ ಕ್ಯಾಪಿಟಲ್ ಉಳ್ದಿದ್ಯಾ ನೋಡ್ಕೋಬೇಕು. ಹೇಳ್ಕೊಟ್ಟೋರಿಗೆಲ್ಲ ಥ್ಯಾಂಕ್ಸ್ ಕಣ್ರೀ.